ವೆಬ್ ಸರ್ವರ್ ದೋಷ ನಿವಾರಣೆ: ಕೋರಿಕೆ ಎಲ್ಲಿಯವರೆಗೆ ತಲುಪಿದೆ?

ವೆಬ್ ಸರ್ವರ್ ಕೆಟ್ಟಿದೆ ಎಂದು ತಿಳಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಕಾನ್ಫಿಗರೇಶನ್ ಕಡತದ ಕಡೆಗೆ. ಒಂದು ಸಾಲನ್ನು ಬದಲಿಸಿ ನೋಡುತ್ತಾರೆ, ಆಗದಿದ್ದರೆ ಇನ್ನೊಂದನ್ನು ಬದಲಿಸುತ್ತಾರೆ, ಅದೂ ಆಗದಿದ್ದರೆ ಇಡೀ ಸರ್ವರನ್ನೇ ಕಿತ್ತು ಹೊಸದಾಗಿ ಸ್ಥಾಪಿಸುತ್ತಾರೆ. ಹೀಗೆ ಮಾಡಿದಾಗ ಮೂಲದ ದೋಷ ಇದ್ದಲ್ಲೇ ಉಳಿದು, ಅದರ ಮೇಲೆ ನಾವೇ ತಂದುಕೊಂಡ ಹೊಸ ದೋಷಗಳು ಸೇರಿಕೊಳ್ಳುತ್ತವೆ. ಆಮೇಲೆ ಯಾವುದು ಮೊದಲಿನದು, ಯಾವುದು ನಮ್ಮದು ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಆದ್ದರಿಂದ ಯಾವ ಕಡತವನ್ನೂ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬ್ರೌಸರಿನಿಂದ ಹೊರಟ ಕೋರಿಕೆ ಎಲ್ಲಿಯವರೆಗೆ ತಲುಪಿತು, ಎಲ್ಲಿ ನಿಂತಿತು?

ಆ ಕೋರಿಕೆಗೆ ಒಂದು ಗೊತ್ತಾದ ದಾರಿಯಿದೆ. ಮೊದಲು ಸೈಟಿನ ಹೆಸರು ಐಪಿ ವಿಳಾಸವಾಗಿ ಬದಲಾಗಬೇಕು. ಆ ವಿಳಾಸದ ಯಂತ್ರವನ್ನು ಜಾಲದಲ್ಲಿ ಸಾಗುವ ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳು ಮುಟ್ಟಬೇಕು. ಅಲ್ಲಿ 80 ಅಥವಾ 443ನೇ ಪೋರ್ಟಿನಲ್ಲಿ, ಅಂದರೆ ಯಂತ್ರದ ಆ ಸಂಖ್ಯೆಯ ಬಾಗಿಲಿನಲ್ಲಿ, ಒಂದು ಪ್ರೋಗ್ರಾಂ ಕಿವಿಗೊಟ್ಟು ಕಾದಿರಬೇಕು. ಎಚ್‌ಟಿಟಿಪಿಎಸ್ ಆಗಿದ್ದರೆ ಪ್ರಮಾಣಪತ್ರದ ವ್ಯವಹಾರ ಮುಗಿಯಬೇಕು. ಬಳಿಕ ಸರ್ವರ್ ತನ್ನಲ್ಲಿರುವ ಹಲವು ಸೈಟುಗಳಲ್ಲಿ ಸರಿಯಾದದ್ದನ್ನು ಆರಿಸಿ, ಡಿಸ್ಕಿನಿಂದ ಕಡತವನ್ನು ಓದಬೇಕು ಅಥವಾ ಕೋರಿಕೆಯನ್ನು ಹಿಂದಿರುವ ಅಪ್ಲಿಕೇಶನ್ನಿಗೆ ದಾಟಿಸಬೇಕು. ಪ್ರತಿಯೊಂದು ಹಂತದ ಸೋಲಿಗೂ ತನ್ನದೇ ಆದ ಗುರುತುಂಟು. ಆ ಗುರುತನ್ನು ಓದಲು ಬಂದರೆ ಹುಡುಕಾಟ ಬಹುಪಾಲು ಮುಗಿದಂತೆಯೇ.

ಈ ಬರಹ ಲಿನಕ್ಸ್ ಮೇಲೆ ಓಡುವ ಅಪಾಚೆ ಮತ್ತು ಎಂಜಿನ್‌ಎಕ್ಸ್ ಸರ್ವರ್‌ಗಳನ್ನು ಮುಂದಿಟ್ಟುಕೊಂಡಿದೆ. ಮೊದಲನೆಯದು 1995ರಲ್ಲಿ, ಎರಡನೆಯದು 2004ರಲ್ಲಿ ಬಿಡುಗಡೆಯಾದವು. ಎರಡರ ಕಾನ್ಫಿಗರೇಶನ್ ಭಾಷೆ ಬೇರೆಯಾದರೂ ದೋಷಗಳ ಸ್ವಭಾವ ಬಹುಮಟ್ಟಿಗೆ ಒಂದೇ. ಕಮಾಂಡ್‌ಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಮೂಲ ಅಕ್ಷರಗಳನ್ನು ಬಳಸಬೇಕು.

ಹೊರಗಿನಿಂದ ಒಂದು ಪರೀಕ್ಷೆ

ಬ್ರೌಸರ್ ಒಳ್ಳೆಯ ಪರೀಕ್ಷಾ ಸಾಧನವಲ್ಲ. ಅದು ಹಳೆಯ ಪುಟವನ್ನು ಕ್ಯಾಶ್‌ನಿಂದ ತೋರಿಸುತ್ತದೆ, ಹಿಂದೆ ಕಂಡ 301 ಮರುನಿರ್ದೇಶನವನ್ನು (ಪುಟ ಶಾಶ್ವತವಾಗಿ ಬೇರೆ ವಿಳಾಸಕ್ಕೆ ಹೋಗಿದೆ ಎಂಬ ಸೂಚನೆಯನ್ನು) ನೆನಪಿಟ್ಟುಕೊಂಡು ಸರ್ವರನ್ನು ಕೇಳದೆಯೇ ಬೇರೆಡೆಗೆ ಹೋಗುತ್ತದೆ, ನಿಜವಾದ ದೋಷದ ಮಾತನ್ನು ಸೌಮ್ಯವಾದ ಒಂದು ವಾಕ್ಯದ ಹಿಂದೆ ಮರೆಮಾಡುತ್ತದೆ. ಅದರ ಬದಲು ಬೇರೊಂದು ಯಂತ್ರದಿಂದ ಕರ್ಲ್ ಕಮಾಂಡನ್ನು -ವಿ ಆಯ್ಕೆಯೊಂದಿಗೆ ಓಡಿಸಬೇಕು. ಹೆಸರು ಯಾವ ವಿಳಾಸವಾಯಿತು, ಸಂಪರ್ಕ ಸಿಕ್ಕಿತೇ, ಪ್ರಮಾಣಪತ್ರ ಯಾರದು, ಸರ್ವರ್ ಏನು ಉತ್ತರಿಸಿತು ಎಂಬುದನ್ನೆಲ್ಲ ಅದು ನಡೆದ ಕ್ರಮದಲ್ಲೇ ಹೇಳುತ್ತದೆ.

ಇಲ್ಲಿ ಎರಡು ಉತ್ತರಗಳ ನಡುವಿನ ವ್ಯತ್ಯಾಸವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಸಂಪರ್ಕವನ್ನು ಕೂಡಲೇ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ನಿರಾಕರಿಸಿದರೆ, ಪ್ಯಾಕೆಟ್ ಯಂತ್ರವನ್ನು ಮುಟ್ಟಿದೆ, ಆದರೆ ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲ ಎಂದು ಸಾಮಾನ್ಯವಾಗಿ ಅರ್ಥ. ಹಾಗಲ್ಲದೆ ಬಹಳ ಹೊತ್ತು ಏನೂ ಆಗದೆ ಕೊನೆಗೆ ‘ಟೈಮ್ಡ್ ಔಟ್’ ಎಂದು ಬಂದರೆ, ಪ್ಯಾಕೆಟ್‌ಗಳನ್ನು ದಾರಿಯಲ್ಲಿ ಯಾರೋ ಸದ್ದಿಲ್ಲದೆ ಬೀಳಿಸುತ್ತಿದ್ದಾರೆ: ಯಂತ್ರದ ಫೈರ್‌ವಾಲ್, ಕ್ಲೌಡ್ ಸೇವೆಯ ಸೆಕ್ಯುರಿಟಿ ಗ್ರೂಪ್, ಇಲ್ಲವೇ ತಪ್ಪಾದ ಐಪಿ ವಿಳಾಸ. ಮೊದಲನೆಯ ಸಂದರ್ಭದಲ್ಲಿ ಫೈರ್‌ವಾಲನ್ನು ಕೆದಕುವುದೂ, ಎರಡನೆಯ ಸಂದರ್ಭದಲ್ಲಿ ವೆಬ್ ಸರ್ವರಿನ ಕಾನ್ಫಿಗರೇಶನ್ ತಿದ್ದುವುದೂ ವ್ಯರ್ಥ ಶ್ರಮ. ಇನ್ನು 403 (ಪ್ರವೇಶವಿಲ್ಲ), 404 (ಪುಟ ಸಿಗಲಿಲ್ಲ), 502 (ಹಿಂದಿರುವ ಅಪ್ಲಿಕೇಶನ್ ಸರಿಯಾಗಿ ಉತ್ತರಿಸಲಿಲ್ಲ) ಹೀಗೆ ಯಾವುದೇ ಸಂಖ್ಯೆಯ ಉತ್ತರ ಬಂದರೂ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯಬೇಕು. ಏಕೆಂದರೆ ಹೆಸರು, ಜಾಲ, ಪೋರ್ಟ್ ಮೂರೂ ದಾಟಿ ಯಾವುದೋ ಒಂದು ವೆಬ್ ಸರ್ವರ್ ನಮ್ಮೊಂದಿಗೆ ಮಾತಾಡಿದೆ. ಯಾವ ಸರ್ವರ್ ಎಂಬುದನ್ನು ಉತ್ತರದ ‘ಸರ್ವರ್’ ಹೆಡರ್ ನೋಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು; ಮುಂದೆ ಸಿಡಿಎನ್ (ಪುಟಗಳ ನಕಲನ್ನು ಹಲವು ಕಡೆ ಇಟ್ಟು ಬಡಿಸುವ ಜಾಲ) ಅಥವಾ ಪ್ರಾಕ್ಸಿ (ನಡುವೆ ನಿಂತು ಕೋರಿಕೆಯನ್ನು ದಾಟಿಸುವ ಸರ್ವರ್) ಇದ್ದರೆ ಆ ಉತ್ತರ ನಮ್ಮ ಯಂತ್ರದ್ದೇ ಅಲ್ಲದಿರಬಹುದು.

ನಿರಾಕರಣೆ ಬಂದಾಗ ಸರ್ವರ್ ಯಂತ್ರದೊಳಗೆ ಎಸ್‌ಎಸ್ -ಎಲ್‌ಟಿಎನ್‌ಪಿ ಎಂಬ ಕಮಾಂಡನ್ನು ರೂಟ್ ಅಧಿಕಾರದಲ್ಲಿ ಓಡಿಸಿ, ಯಾವ ಪ್ರೋಗ್ರಾಂ ಯಾವ ವಿಳಾಸದ ಯಾವ ಪೋರ್ಟಿನಲ್ಲಿ ಕಾದಿದೆ ಎಂದು ನೋಡಬೇಕು. ಅಲ್ಲಿ 127.0.0.1:80 ಎಂದು ಕಂಡರೆ ಸರ್ವರ್ ತನ್ನ ಯಂತ್ರದ ಒಳಗಿನ ಮಾತನ್ನಷ್ಟೇ ಕೇಳುತ್ತಿದೆ. ಒಳಗಿನಿಂದ ಪರೀಕ್ಷಿಸಿದಾಗ ಎಲ್ಲವೂ ಸರಿಯಿದ್ದು ಹೊರಗಿನಿಂದ ಮಾತ್ರ ಸಿಗದಿರುವುದಕ್ಕೆ ಇದೊಂದು ಸಾಮಾನ್ಯ ಕಾರಣ. 0.0.0.0:80 ಎಂದಿದ್ದರೆ ಯಂತ್ರದ ಎಲ್ಲ ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳಲ್ಲೂ ಕೇಳುತ್ತಿದೆ.

ಸ್ಥಾಪನೆಯೇ ಮುಗಿಯದಿದ್ದಾಗ

ಪ್ಯಾಕೇಜ್ ಸ್ಥಾಪನೆ ಅರ್ಧಕ್ಕೆ ನಿಂತಾಗ ಪ್ಯಾಕೇಜೇ ಕೆಟ್ಟಿದೆ ಎಂದು ಭಾವಿಸುವುದು ಸಹಜ, ಆದರೆ ಅದು ನಿಜವಾಗಿರುವುದು ಅಪರೂಪ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪ್ಯಾಕೇಜ್ ಸ್ಥಾಪನೆಯಾದ ಕೂಡಲೇ ಅದರ ಸೇವೆಯನ್ನೂ ಆರಂಭಿಸುವ ಪದ್ಧತಿಯಿದೆ. ಸೇವೆ ಆರಂಭವಾಗದಿದ್ದರೆ ಆ ಸೋಲು ಸ್ಥಾಪನೆಯ ಸೋಲಿನಂತೆ ಪ್ಯಾಕೇಜ್ ಸ್ಥಾಪಿಸುವ ಡಿಪಿಕೆಜಿಯ ಬಾಯಲ್ಲಿ ಹೊರಬರುತ್ತದೆ. ಪರದೆಯ ಕೊನೆಯ ಸಾಲನ್ನು ನಂಬದೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಮತ್ತು ಜರ್ನಲ್‌ಸಿಟಿಎಲ್ -ಯು ಎಂಬ ಎರಡು ಕಮಾಂಡ್‌ಗಳಿಗೆ ಆ ಸೇವೆಯ ಹೆಸರನ್ನು ಕೊಟ್ಟು ನಿಜವಾದ ಮಾತನ್ನು ಓದಬೇಕು.

ಅಲ್ಲಿ ಹೆಚ್ಚಾಗಿ ಸಿಗುವುದು 98 ಎಂಬ ಸಂಖ್ಯೆ; ಲಿನಕ್ಸ್ ಪ್ರತಿ ಬಗೆಯ ದೋಷಕ್ಕೂ ಹೀಗೊಂದು ಸಂಖ್ಯೆ ಕೊಡುತ್ತದೆ. ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಎಂದರೆ ಆ ಪೋರ್ಟ್ ಈಗಾಗಲೇ ಬೇರೊಬ್ಬರ ಕೈಯಲ್ಲಿದೆ. ಎಂಜಿನ್‌ಎಕ್ಸ್ ಸ್ಥಾಪಿಸಲು ಹೊರಟ ಯಂತ್ರದಲ್ಲಿ ಎಂದೋ ಬಂದ ಅಪಾಚೆ ಓಡುತ್ತಿರಬಹುದು, ಇಲ್ಲವೇ ಹಿಂದೆ ಕೈಯಾರೆ ಆರಂಭಿಸಿದ ಅದೇ ಸರ್ವರಿನ ಹಳೆಯ ಪ್ರಕ್ರಿಯೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲೆಕ್ಕಕ್ಕೆ ಸಿಗದೆ ಉಳಿದಿರಬಹುದು. ಮೇಲೆ ಹೇಳಿದ ಎಸ್‌ಎಸ್ ಕಮಾಂಡ್ ಅದರ ಹೆಸರನ್ನು ಹೇಳುತ್ತದೆ. ಆ ಪ್ರಕ್ರಿಯೆಯನ್ನು ಕೊಂದು ಮುಂದೆ ಸಾಗುವುದಷ್ಟೇ ಸಾಲದು; ಅದು ಬೇಡದ ಸೇವೆಯಾಗಿದ್ದರೆ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಕೂಡ ಮಾಡಬೇಕು. ಇಲ್ಲದಿದ್ದರೆ ಯಂತ್ರ ಮುಂದೆಂದಾದರೂ ಮರಳಿ ಆರಂಭವಾದಾಗ ಎರಡು ಸರ್ವರ್‌ಗಳಲ್ಲಿ ಯಾವುದು ಮೊದಲು ಎದ್ದಿತೋ ಅದು ಪೋರ್ಟನ್ನು ಹಿಡಿಯುತ್ತದೆ, ಮತ್ತು ಇಂದು ಮಾಡಿದ ಕೆಲಸ ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

97 ಎಂಬ ಸಂಖ್ಯೆ ಕಂಡರೆ ಕಾರಣ ಬೇರೆ. ಯಂತ್ರದಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಅನ್ನು ಪೂರ್ತಿಯಾಗಿ ನಿಲ್ಲಿಸಿದ್ದು, ಎಂಜಿನ್‌ಎಕ್ಸ್‌ನ ಡೀಫಾಲ್ಟ್ ಸೈಟಿನಲ್ಲಿ [::]:80 ಎಂಬ ಐಪಿವಿ6 ಲಿಸನ್ ಸಾಲು ಉಳಿದಿದ್ದಾಗ ಹೀಗಾಗುತ್ತದೆ. ಆ ಸಾಲನ್ನು ತೆಗೆದರೆ ಸಾಕು. 13 ಎಂದು ಬಂದರೆ, ಸರ್ವರನ್ನು ಸಾಮಾನ್ಯ ಬಳಕೆದಾರನಾಗಿ ಆರಂಭಿಸಿದ್ದೀರಿ; ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ಸಾಮಾನ್ಯವಾಗಿ ವಿಶೇಷ ಅಧಿಕಾರ ಇದ್ದವರಿಗಷ್ಟೇ ಸಿಗುತ್ತವೆ. ಅಪಾಚೆ ಆರಂಭವಾಗುವಾಗ ಎಎಚ್00558 ಎಂಬ ಗುರುತಿನೊಂದಿಗೆ, ಸರ್ವರಿನ ಪೂರ್ಣ ಹೆಸರು ಗೊತ್ತಾಗಲಿಲ್ಲ ಎಂದು ಹೇಳುವುದುಂಟು. ಅದು ಎಚ್ಚರಿಕೆ ಮಾತ್ರ. ಸರ್ವರ್‌ನೇಮ್ ಸಾಲೊಂದನ್ನು ಸೇರಿಸಿದರೆ ಅದು ಮಾಯವಾಗುತ್ತದೆ, ಆದರೆ ನಿಮ್ಮ ಸೈಟು ತೆರೆಯದಿರುವುದಕ್ಕೆ ಅದು ಕಾರಣವಲ್ಲ. ಆರಂಭಿಕರು ಈ ಒಂದು ಸಾಲಿನ ಬೆನ್ನು ಹತ್ತಿ ನಿಜವಾದ ದೋಷದ ಸಾಲನ್ನು ಓದದೇ ಬಿಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಬದಲಿಸಿದ್ದು ಜಾರಿಗೆ ಬಂದಿದೆಯೇ?

ಕಾನ್ಫಿಗರೇಶನ್ನಿನಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸಲು ಎಂಜಿನ್‌ಎಕ್ಸ್‌ಗೆ -ಟಿ ಆಯ್ಕೆ, ಅಪಾಚೆಗೆ ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್. ಕಡತವನ್ನು ತಿದ್ದಿದ ಪ್ರತಿ ಸಲವೂ, ರೀಲೋಡ್ (ಸರ್ವರನ್ನು ನಿಲ್ಲಿಸದೆ ಕಾನ್ಫಿಗರೇಶನ್ ಮತ್ತೆ ಓದಿಸುವುದು) ಮಾಡುವ ಮೊದಲು, ಇವನ್ನು ಓಡಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ದೋಷವಿರುವ ಕಾನ್ಫಿಗರೇಶನ್ನಿನೊಂದಿಗೆ ಎಂಜಿನ್‌ಎಕ್ಸ್‌ಗೆ ರೀಲೋಡ್ ಸೂಚನೆ ಕೊಟ್ಟರೆ ಅದು ಹೊಸದನ್ನು ತಿರಸ್ಕರಿಸಿ, ಹಳೆಯ ಕಾನ್ಫಿಗರೇಶನ್ನಿನಲ್ಲೇ ಕೆಲಸ ಮುಂದುವರಿಸುತ್ತದೆ. ಸೈಟು ಬೀಳುವುದಿಲ್ಲ, ಹಾಗಾಗಿ ಎಲ್ಲವೂ ಸರಿಯಿದೆ ಎಂದೆನಿಸುತ್ತದೆ. ನಾವು ಮಾಡಿದ ಬದಲಾವಣೆಯ ಪರಿಣಾಮ ಮಾತ್ರ ಎಲ್ಲೂ ಕಾಣುವುದಿಲ್ಲ. ‘ಏನು ಬದಲಿಸಿದರೂ ಏನೂ ಆಗುತ್ತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ರೀಸ್ಟಾರ್ಟ್ ಮಾಡಿದರೆ ಇದಕ್ಕಿಂತ ಕೆಟ್ಟದ್ದಾಗಬಹುದು: ಹಳೆಯದು ನಿಂತು, ಹೊಸದು ಏಳದೆ, ಸೈಟು ಪೂರ್ತಿ ಬೀಳಬಹುದು.

ಪರೀಕ್ಷೆ ಹೇಳುವ ಸಾಲಿನ ಸಂಖ್ಯೆಯನ್ನು ಓದುವಾಗ ಅದರ ಮೇಲಿನ ಸಾಲನ್ನೂ ಓದಬೇಕು. ಎಂಜಿನ್‌ಎಕ್ಸ್‌ನಲ್ಲಿ 14ನೇ ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಹೋಗಿದ್ದರೆ, 15ನೇ ಸಾಲು 14ರ ಮುಂದುವರಿಕೆಯಾಗಿ ಓದಲ್ಪಟ್ಟು, ತಕರಾರು 15ರ ಮೇಲೆ ಬರುತ್ತದೆ. ಸಾಲು ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದು ಸರ್ವರ್ ಮಾತ್ರ ‘ಅನ್‌ನೋನ್ ಡೈರೆಕ್ಟಿವ್’ ಎನ್ನುತ್ತಿದ್ದರೆ, ಕಣ್ಣಿಗೆ ಕಾಣದ ಅಕ್ಷರವೊಂದು ಒಳಗೆ ಸೇರಿದೆ ಎಂದು ಶಂಕಿಸಬೇಕು. ವೆಬ್ ಪುಟದಿಂದ ನಕಲು ಮಾಡಿದಾಗ ಬರುವ ಮುರಿಯದ ಖಾಲಿ ಜಾಗ, ವರ್ಡ್ ಪ್ರೊಸೆಸರ್ ತಿರುಚಿದ ಬಾಗಿದ ಉದ್ಧರಣ ಚಿಹ್ನೆ, ಕಡತದ ಮೊದಲಲ್ಲಿ ಕೆಲವು ಎಡಿಟರ್‌ಗಳು ಇಡುವ ಬಿಒಎಂ ಗುರುತು, ಇವೆಲ್ಲ ಪರದೆಯ ಮೇಲೆ ಅಮಾಯಕವಾಗಿ ಕಾಣುತ್ತವೆ. ಕ್ಯಾಟ್ ಕಮಾಂಡನ್ನು ದೊಡ್ಡಕ್ಷರದ -ಎ ಆಯ್ಕೆಯೊಂದಿಗೆ ಓಡಿಸಿದರೆ ಅವು ತಮ್ಮ ನಿಜರೂಪದಲ್ಲಿ ಕಾಣಿಸುತ್ತವೆ.

ಪರೀಕ್ಷೆ ಪಾಸಾಗಿಯೂ ಬದಲಾವಣೆ ಕಾಣದಿದ್ದರೆ, ನೀವು ತಿದ್ದಿದ ಕಡತವನ್ನು ಸರ್ವರ್ ಓದುತ್ತಲೇ ಇಲ್ಲ. ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ -ಟಿ ಕೊಟ್ಟರೆ ಅದು ತಾನು ಓದುವ ಎಲ್ಲ ಕಡತಗಳನ್ನೂ ಹೆಸರಿನ ಸಮೇತ ಸುರಿಯುತ್ತದೆ. ಅದರಲ್ಲಿ ನಿಮ್ಮ ಸಾಲನ್ನು ಹುಡುಕಿ. ಡೆಬಿಯನ್ ಕುಟುಂಬದಲ್ಲಿ ‘ಸೈಟ್ಸ್-ಅವೈಲಬಲ್’ ಡೈರೆಕ್ಟರಿಯಲ್ಲಿ ಕಡತ ಇಟ್ಟು, ‘ಸೈಟ್ಸ್-ಎನೇಬಲ್ಡ್’ಗೆ ಕೊಂಡಿ ಹಾಕುವುದನ್ನು ಮರೆಯುವುದು ಸಾಮಾನ್ಯ. ಅಲ್ಲಿಯ ಅಪಾಚೆ 2.4ರಲ್ಲಿ ಇನ್ನೂ ಒಂದು ಷರತ್ತಿದೆ: ಕಡತದ ಹೆಸರು ‘.ಕಾನ್ಫ್’ ಎಂದು ಕೊನೆಯಾಗದಿದ್ದರೆ ಅದನ್ನು ಓದುವುದಿಲ್ಲ, ಯಾವ ದೂರನ್ನೂ ಹೇಳುವುದಿಲ್ಲ.

ಬೇರೆಯದೇ ಸೈಟು ತೆರೆದುಕೊಂಡರೆ

ಒಂದೇ ಯಂತ್ರದಲ್ಲಿ ಹಲವು ಸೈಟುಗಳಿದ್ದಾಗ, ಬಂದ ಹೆಸರು ಯಾವುದಕ್ಕೂ ಹೊಂದದಿದ್ದರೆ ಸರ್ವರ್ ದೋಷ ತೋರಿಸುವುದಿಲ್ಲ, ಮೊದಲು ಸಿಕ್ಕ ಸೈಟನ್ನು ಬಡಿಸಿಬಿಡುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಆ ಪೋರ್ಟಿಗೆ ‘ಡೀಫಾಲ್ಟ್_ಸರ್ವರ್’ ಎಂದು ಗುರುತಿಸಿದ ಬ್ಲಾಕ್ ಇದ್ದರೆ ಅದು, ಇಲ್ಲದಿದ್ದರೆ ಓದಿದ ಕ್ರಮದಲ್ಲಿ ಮೊದಲನೆಯದು. ಅಪಾಚೆಯಲ್ಲೂ ಮೊದಲ ವರ್ಚುವಲ್ ಹೋಸ್ಟ್ (ಒಂದು ಸೈಟಿನ ಬ್ಲಾಕಿಗೆ ಅಲ್ಲಿರುವ ಹೆಸರು). ಕಡತಗಳನ್ನು ಅಕಾರಾದಿ ಕ್ರಮದಲ್ಲಿ ಓದುವುದರಿಂದ, ಹೊಸ ಸೈಟಿನ ಕಡತವೊಂದು ಸೇರಿದ ಮಾತ್ರಕ್ಕೆ ಈ ‘ಮೊದಲನೆಯದು’ ಬದಲಾಗಬಹುದು. ಅಪಾಚೆಸಿಟಿಎಲ್‌ಗೆ ದೊಡ್ಡಕ್ಷರದ -ಎಸ್ ಕೊಟ್ಟರೆ ಯಾವ ಹೆಸರು ಯಾವ ಕಡತದ ಯಾವ ಸಾಲಿಗೆ ಹೋಗುತ್ತದೆ ಎಂಬ ಪಟ್ಟಿ ಸಿಗುತ್ತದೆ.

ಕೆಲವರಿಗೆ ಹೊಸ ಪುಟ, ಕೆಲವರಿಗೆ ಹಳೆಯ ಪುಟ ಕಾಣುವ ಸ್ಥಿತಿ ಇನ್ನೂ ಗೊಂದಲದ್ದು. ಒಮ್ಮೆ ಸೈಟೊಂದನ್ನು ಹೊಸ ಯಂತ್ರಕ್ಕೆ ಸಾಗಿಸಿದ ಮೇಲೆ ನಾನು ಇಂಥ ದೂರಿನ ಹಿಂದೆ ಒಂದಿಡೀ ಸಂಜೆ ಕಳೆದೆ. ನನ್ನ ಪರೀಕ್ಷೆಯಲ್ಲಿ ಪ್ರತಿ ಸಲವೂ ಹೊಸ ಪುಟವೇ ಬರುತ್ತಿತ್ತು. ಕೊನೆಗೆ ದೂರು ಕೊಟ್ಟವರ ಯಂತ್ರದಲ್ಲೇ ಕರ್ಲ್ ಓಡಿಸಿದಾಗ ಮೊದಲ ಸಾಲಿನಲ್ಲೇ ಉತ್ತರವಿತ್ತು: ಅವರ ಸಂಪರ್ಕ ಐಪಿವಿ6 ಮೂಲಕ ಹೋಗುತ್ತಿತ್ತು. ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿ ಐಪಿವಿ4ರ ಎ ದಾಖಲೆಯನ್ನು ಬದಲಿಸಿದ್ದೆ, ಐಪಿವಿ6ರ ನಾಲ್ಕು ಎಗಳ (ಎಎಎಎ) ದಾಖಲೆ ಹಳೆಯ ಯಂತ್ರವನ್ನೇ ತೋರಿಸುತ್ತಿತ್ತು, ನನ್ನ ಜಾಲದಲ್ಲಿ ಐಪಿವಿ6 ಇರಲೇ ಇಲ್ಲ. ಅಂದಿನಿಂದ ಕರ್ಲ್‌ಗೆ -4 ಮತ್ತು -6 ಎರಡನ್ನೂ ಕೊಟ್ಟು ಬೇರೆ ಬೇರೆಯಾಗಿ ಪರೀಕ್ಷಿಸುತ್ತೇನೆ. ಡಿಎನ್‌ಎಸ್ ಬದಲಿಸುವ ಮೊದಲೇ ಹೊಸ ಯಂತ್ರವನ್ನು ಪರೀಕ್ಷಿಸಬೇಕಾದರೆ ಕರ್ಲ್‌ನ ‘ರಿಸಾಲ್ವ್’ ಆಯ್ಕೆ ಇದೆ: ಹೆಸರು, ಪೋರ್ಟ್, ವಿಳಾಸ ಮೂರನ್ನೂ ನಾವೇ ಜೋಡಿಸಿ ಕೊಡಬಹುದು.

403: ಅನುಮತಿಯ ದೋಷಗಳು

ಅತಿ ಹೆಚ್ಚು ತಪ್ಪು ಪರಿಹಾರಗಳು ಹುಟ್ಟುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನಿಸಬೇಕು. 403 ಎಂಬ ಒಂದೇ ಸಂಖ್ಯೆಯ ಹಿಂದೆ ಪರಸ್ಪರ ಸಂಬಂಧವಿಲ್ಲದ ನಾಲ್ಕು ಕಾರಣಗಳಿರಬಹುದು, ಮತ್ತು ಅವುಗಳನ್ನು ಬೇರ್ಪಡಿಸುವುದು ಸರ್ವರ್ ತನ್ನ ದೋಷಗಳನ್ನು ಬರೆದಿಡುವ ಎರರ್ ಲಾಗ್ ಮಾತ್ರ. ಎಂಜಿನ್‌ಎಕ್ಸ್ ಲಾಗ್ ಸಾಮಾನ್ಯವಾಗಿ /ವಾರ್/ಲಾಗ್/ಎಂಜಿನ್‌ಎಕ್ಸ್ ಒಳಗಿರುತ್ತದೆ. ಅಪಾಚೆಯದು ಡೆಬಿಯನ್ ಕುಟುಂಬದಲ್ಲಿ /ವಾರ್/ಲಾಗ್/ಅಪಾಚೆ2 ಒಳಗೆ, ರೆಡ್‌ಹ್ಯಾಟ್ ಕುಟುಂಬದಲ್ಲಿ /ವಾರ್/ಲಾಗ್/ಎಚ್‌ಟಿಟಿಪಿಡಿ ಒಳಗೆ. ಒಂದು ಟರ್ಮಿನಲ್‌ನಲ್ಲಿ ಟೇಲ್ -ಎಫ್ ಮೂಲಕ ಲಾಗನ್ನು ತೆರೆದಿಟ್ಟು, ಇನ್ನೊಂದರಿಂದ ಒಂದೇ ಒಂದು ಕೋರಿಕೆಯನ್ನು ಕಳಿಸಿ, ಆ ಕ್ಷಣದಲ್ಲಿ ಮೂಡುವ ಸಾಲನ್ನು ಪೂರ್ತಿ ಓದಬೇಕು.

ಸಾಲು ಹೀಗಿದೆ ಎಂದುಕೊಳ್ಳೋಣ: ಓಪನ್() “/ಹೋಮ್/ಸೈಟ್/ಪಬ್ಲಿಕ್/ಲೋಗೋ.ಪಿಎನ್‌ಜಿ” ಫೇಲ್ಡ್ (13: ಪರ್ಮಿಶನ್ ಡಿನೈಡ್). ಇದರಲ್ಲಿ ಮೂರು ಸಂಗತಿಗಳಿವೆ. ಸರ್ವರ್ ಸರಿಯಾದ ಕಡತವನ್ನೇ ತೆರೆಯಲು ಹೋಗಿದೆ, ಅಂದರೆ ಸೈಟಿನ ಆಯ್ಕೆಯೂ, ಸೈಟಿನ ಕಡತಗಳ ಡೈರೆಕ್ಟರಿಯನ್ನು ಹೇಳುವ ‘ರೂಟ್’ ಸಾಲೂ ಸರಿಯಿವೆ. ಕಡತವನ್ನು ತೆರೆಯುವಾಗ ತಡೆದಿರುವುದು ವೆಬ್ ಸರ್ವರಿನ ನಿಯಮವಲ್ಲ, ಆಪರೇಟಿಂಗ್ ಸಿಸ್ಟಮ್. ಮತ್ತು ಸಂಖ್ಯೆ 13, ಅಂದರೆ ಅನುಮತಿಯ ಕೊರತೆ. ಕಡತವೇ ಇಲ್ಲದಿದ್ದರೆ 2 ಎಂದು ಬರುತ್ತಿತ್ತು.

ಆಗ ಕಡತದ ಅನುಮತಿ ನೋಡಿದರೆ 644, ಎಲ್ಲರೂ ಓದಬಹುದು. ಹಾಗಾದರೆ ತಡೆದವರು ಯಾರು? ಕಡತವನ್ನು ಓದಬೇಕಾದರೆ ಅದರವರೆಗಿನ ಪ್ರತಿಯೊಂದು ಡೈರೆಕ್ಟರಿಯನ್ನೂ ದಾಟುವ ಹಕ್ಕು, ಅಂದರೆ ಎಕ್ಸ್ ಅನುಮತಿ, ಬೇಕು. ನೇಮ್‌ಐ -ಎಲ್ ಕಮಾಂಡಿಗೆ ಪೂರ್ತಿ ದಾರಿಯನ್ನು ಕೊಟ್ಟರೆ ಅದು ಮೆಟ್ಟಿಲು ಮೆಟ್ಟಿಲಾಗಿ ಪ್ರತಿಯೊಂದರ ಅನುಮತಿಯನ್ನೂ ಒಡೆಯನನ್ನೂ ತೋರಿಸುತ್ತದೆ. ಸಂಖ್ಯೆಗೆ ತಿರುಗಿಸಿ ಓದಿದರೆ: ಹೋಮ್ 755, ಸೈಟ್ 750, ಪಬ್ಲಿಕ್ 755, ಲೋಗೋ 644. ಎಡವಿದ್ದು ಎರಡನೆಯ ಮೆಟ್ಟಿಲಲ್ಲಿ: 750ರ ಕೊನೆಯ ಸೊನ್ನೆ ಎಂದರೆ ಒಡೆಯ ಮತ್ತು ಅವನ ಗುಂಪಿನ ಹೊರಗಿನವರಿಗೆ ಯಾವ ಹಕ್ಕೂ ಇಲ್ಲ. ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್ ಡೈರೆಕ್ಟರಿ 750 ಅನುಮತಿಯೊಂದಿಗೇ ಹುಟ್ಟುತ್ತದೆ. ಹಾಗಾಗಿ ಹಳೆಯ ಯಂತ್ರದಲ್ಲಿ ವರ್ಷಗಟ್ಟಲೆ ನಡೆದ ವ್ಯವಸ್ಥೆ, ಹೊಸದರಲ್ಲಿ ಅಕ್ಷರಶಃ ಅದೇ ಕಾನ್ಫಿಗರೇಶನ್ ಇದ್ದರೂ 403 ಕೊಡುತ್ತದೆ. ಊಹೆಯನ್ನು ದೃಢಪಡಿಸಿಕೊಳ್ಳಲು ಸುಡೋ -ಯು ಮೂಲಕ ವೆಬ್ ಸರ್ವರಿನ ಬಳಕೆದಾರನಾಗಿಯೇ ಆ ಕಡತವನ್ನು ಓದಿ ನೋಡಬಹುದು; ಡೆಬಿಯನ್ ಕುಟುಂಬದಲ್ಲಿ ಆ ಬಳಕೆದಾರನ ಹೆಸರು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ.

ಈ ಹಂತದಲ್ಲಿ ಹಲವರು ಪಬ್ಲಿಕ್ ಡೈರೆಕ್ಟರಿಗೆ 777 ಅನುಮತಿ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಉದಾಹರಣೆಯಲ್ಲಿ ಅದು ದೋಷವನ್ನು ಪರಿಹರಿಸುವುದೂ ಇಲ್ಲ, ಏಕೆಂದರೆ ಬಾಗಿಲು ಮುಚ್ಚಿರುವುದು ಅದರ ಮೇಲಿನ ಮೆಟ್ಟಿಲಲ್ಲಿ. ಬದಲಿಗೆ, ಆ ಮೇಲಿನ ಬಾಗಿಲು ತೆರೆದ ಕೂಡಲೇ ಯಂತ್ರದ ಯಾವುದೇ ಪ್ರಕ್ರಿಯೆ ಆ ಡೈರೆಕ್ಟರಿಯಲ್ಲಿ ಬರೆಯಬಹುದಾದ ಸ್ಥಿತಿ ಉಂಟಾಗುತ್ತದೆ. ಸೈಟಿನ ಪಿಎಚ್‌ಪಿ ಕೋಡಿನಲ್ಲಿ ಸಣ್ಣದೊಂದು ರಂಧ್ರವಿದ್ದರೂ ಹೊರಗಿನವರು ತಮ್ಮ ಕಡತವನ್ನು ಅಲ್ಲಿಟ್ಟು ಓಡಿಸಬಹುದು. ಸೈಟನ್ನು /ಎಸ್‌ಆರ್‌ವಿ ಅಥವಾ /ವಾರ್ ಒಳಗಿನ ಸರಿಯಾದ ಜಾಗಕ್ಕೆ ಸಾಗಿಸುವುದು ನನ್ನ ಮೊದಲ ಆಯ್ಕೆ. ಅದು ಆಗದಿದ್ದರೆ ತಡೆಯುತ್ತಿರುವ ಆ ಒಂದು ಡೈರೆಕ್ಟರಿಗೆ ದಾಟುವ ಹಕ್ಕನ್ನಷ್ಟೇ ಕೊಟ್ಟು 751 ಮಾಡಿದರೆ ಸಾಕು.

ಸಾಗಿಸುವಾಗ ಒಂದು ಎಚ್ಚರಿಕೆ. ರೆಡ್‌ಹ್ಯಾಟ್ ಕುಟುಂಬದ ಯಂತ್ರಗಳಲ್ಲಿ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲಿದೆ. ಎಂವಿ ಕಮಾಂಡ್ ಆ ಕಾವಲು ನೋಡುವ, ಕಡತದ ಹಳೆಯ ಲೇಬಲ್ಲನ್ನು ಜೊತೆಗೇ ಒಯ್ಯುತ್ತದೆ, ಸಿಪಿ ಮಾಡಿದರೆ ಸಾಮಾನ್ಯವಾಗಿ ಹೊಸ ಜಾಗದ ಲೇಬಲ್ ಬರುತ್ತದೆ. ಹೋಮ್‌ನಿಂದ ಎಂವಿ ಮಾಡಿದ ಕಡತದ ಅನುಮತಿ, ಒಡೆತನ ಎಲ್ಲ ಸರಿಯಿದ್ದೂ 13 ಬರುತ್ತಿದ್ದರೆ, ಎಲ್‌ಎಸ್‌ಗೆ ದೊಡ್ಡಕ್ಷರದ -ಜೆಡ್ ಕೊಟ್ಟು ಲೇಬಲ್ ನೋಡಿ, ರೀಸ್ಟೋರ್‌ಕಾನ್ ಮೂಲಕ ಸರಿಪಡಿಸಬೇಕು. ಎಸ್‌ಇಲಿನಕ್ಸ್ ಅನ್ನು ಒಂದೆರಡು ನಿಮಿಷ ಪರ್ಮಿಸಿವ್ (ತಡೆಯದೆ ದಾಖಲಿಸುವಷ್ಟೇ) ಸ್ಥಿತಿಗೆ ತಂದು, ದೋಷ ಹೋಗುತ್ತದೆಯೇ ಎಂದು ನೋಡುವುದು ರೋಗ ಗುರುತಿಸಲು ಒಪ್ಪುವಂಥದ್ದು. ಹಾಗೆಯೇ ಬಿಟ್ಟುಬಿಡುವುದು ಚಿಕಿತ್ಸೆಯಲ್ಲ.

ಇನ್ನೆರಡು ಕಾರಣಗಳು ಸರಳವಾದವು. ಅಪಾಚೆ ಲಾಗಿನಲ್ಲಿ ಎಎಚ್01630 ಕಂಡರೆ ತಡೆದಿರುವುದು ಸರ್ವರಿನ ಸ್ವಂತ ನಿಯಮ. ಹಳೆಯ 2.2 ಆವೃತ್ತಿಯ ‘ಆರ್ಡರ್’, ‘ಅಲೌ’ ಸಾಲುಗಳ ಜಾಗದಲ್ಲಿ 2.4ರಲ್ಲಿ ‘ರಿಕ್ವೈರ್ ಆಲ್ ಗ್ರಾಂಟೆಡ್’ ಎಂದು ಬರೆಯಬೇಕು; ಹಳೆಯ ಕಡತವನ್ನೋ ಹಳೆಯ ಪಾಠವನ್ನೋ ನಕಲು ಮಾಡಿದಾಗ ಹೀಗಾಗುತ್ತದೆ. ಎಎಚ್01276 ಕಂಡರೆ, ಅಥವಾ ಎಂಜಿನ್‌ಎಕ್ಸ್ ‘ಡೈರೆಕ್ಟರಿ ಇಂಡೆಕ್ಸ್ ... ಈಸ್ ಫರ್ಬಿಡನ್’ ಎಂದರೆ, ಆ ಡೈರೆಕ್ಟರಿಯಲ್ಲಿ ಇಂಡೆಕ್ಸ್ ಕಡತವೇ ಇಲ್ಲ. ಪಟ್ಟಿ ತೋರಿಸಲು ಅನುಮತಿಯಿಲ್ಲದ ಕಾರಣ 403 ಕೊಟ್ಟಿದೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳು ಬೇರೆ ಬೇರೆ ಎಂಬುದನ್ನು ಮರೆತು ದೊಡ್ಡ ‘ಐ’ ಇಂದ ಆರಂಭವಾಗುವ ಇಂಡೆಕ್ಸ್ ಕಡತವನ್ನು ಏರಿಸಿದಾಗಲೂ ಇದೇ ಫಲ.

404ರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಂಜಿನ್‌ಎಕ್ಸ್ ಲಾಗಿನಲ್ಲಿ ಸಾಮಾನ್ಯವಾಗಿ 2 ಎಂಬ ಸಂಖ್ಯೆಯೊಂದಿಗೆ ಸರ್ವರ್ ಹುಡುಕಿದ ಪೂರ್ತಿ ದಾರಿ ಇರುತ್ತದೆ. ಅದನ್ನು ನೀವು ಅಂದುಕೊಂಡ ದಾರಿಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ‘ರೂಟ್’ ಇಡೀ ಯುಆರ್‌ಎಲ್ ದಾರಿಯನ್ನು ಡೈರೆಕ್ಟರಿಗೆ ಜೋಡಿಸುತ್ತದೆ, ‘ಅಲಿಯಾಸ್’ ಲೊಕೇಶನ್ನಿಗೆ ಹೊಂದಿದ ಭಾಗವನ್ನು ತೆಗೆದು ಅದರ ಜಾಗದಲ್ಲಿ ಡೈರೆಕ್ಟರಿಯನ್ನು ಇಡುತ್ತದೆ. ಲಾಗಿನ ದಾರಿಯಲ್ಲಿ ‘/ಇಮೇಜಸ್/ಇಮೇಜಸ್’ ಎಂದು ಎರಡು ಸಲ ಕಂಡರೆ ಇವೆರಡು ಅದಲುಬದಲಾಗಿವೆ. ಮುಖಪುಟ ಮಾತ್ರ ತೆರೆದು ಒಳಪುಟಗಳೆಲ್ಲ 404 ಆದರೆ, ಅಪಾಚೆಯಲ್ಲಿ ರೀರೈಟ್ ಮಾಡ್ಯೂಲ್ ಸಕ್ರಿಯವಾಗಿಲ್ಲ ಅಥವಾ ‘ಅಲೌಓವರ್‌ರೈಡ್ ನನ್’ ಇರುವುದರಿಂದ, ಸೈಟಿನ ಡೈರೆಕ್ಟರಿಯಲ್ಲೇ ನಿಯಮಗಳನ್ನು ಬರೆದಿಡುವ .ಎಚ್‌ಟಿಆಕ್ಸೆಸ್ ಕಡತವನ್ನು ಓದುತ್ತಿಲ್ಲ. ಎಂಜಿನ್‌ಎಕ್ಸ್ ಅಂತೂ ಆ ಕಡತವನ್ನು ಎಂದಿಗೂ ಓದುವುದಿಲ್ಲ. ಅದರ ನಿಯಮಗಳನ್ನು ಸರ್ವರ್ ಬ್ಲಾಕಿನೊಳಗೆ ಹೊಸದಾಗಿ ಬರೆಯಬೇಕು.

502 ಮತ್ತು 504: ಹಿಂದಿರುವವರ ಮೌನ

ಇವೆರಡರಲ್ಲೂ ಮುಂದಿನ ವೆಬ್ ಸರ್ವರ್ ಆರೋಗ್ಯವಾಗಿಯೇ ಇದೆ. ಅದು ಯಾರನ್ನು ಕೇಳಲು ಹೋಯಿತೋ ಅವರು ಉತ್ತರಿಸಿಲ್ಲ. ಎಂಜಿನ್‌ಎಕ್ಸ್ ಲಾಗಿನಲ್ಲಿ ‘ಅಪ್‌ಸ್ಟ್ರೀಮ್’ (ಹಿಂದಿರುವ ಅಪ್ಲಿಕೇಶನ್) ಎಂಬ ಪದದ ಸುತ್ತಲಿನ ಸಂಖ್ಯೆಯೇ ಇಲ್ಲಿಯೂ ದಾರಿ ತೋರಿಸುತ್ತದೆ. 111 ಎಂದರೆ ಹಿಂದಿನ ಅಪ್ಲಿಕೇಶನ್ ಆ ಪೋರ್ಟಿನಲ್ಲಿ ಇಲ್ಲ. ಅದು ಸತ್ತಿದೆ ಅಥವಾ ಬೇರೆ ಪೋರ್ಟಿನಲ್ಲಿದೆ. 2 ಎಂದರೆ ಯೂನಿಕ್ಸ್ ಸಾಕೆಟ್ ಕಡತವೇ (ಒಂದೇ ಯಂತ್ರದ ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಬಳಸುವ ಕಡತ) ಇಲ್ಲ. ಪಿಎಚ್‌ಪಿ ಕೋಡನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಬಳಸುವ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಸಾಕೆಟ್ಟಿನ ಹೆಸರಿನಲ್ಲಿ ಪಿಎಚ್‌ಪಿ ಆವೃತ್ತಿಯ ಸಂಖ್ಯೆಯೂ ಇರುತ್ತದೆ. ಯಂತ್ರವನ್ನು ಅಪ್‌ಗ್ರೇಡ್ ಮಾಡಿ 8.1 ಹೋಗಿ 8.3 ಬಂದಾಗ, ಎಂಜಿನ್‌ಎಕ್ಸ್ ಕಾನ್ಫಿಗರೇಶನ್ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. 13 ಎಂದರೆ ಸಾಕೆಟ್ ಇದೆ, ಮುಟ್ಟುವ ಹಕ್ಕಿಲ್ಲ. ಎಫ್‌ಪಿಎಂ ಪೂಲ್ ಕಡತದ ‘ಲಿಸನ್.ಓನರ್’ ಮತ್ತು ‘ಲಿಸನ್.ಗ್ರೂಪ್’ ನೋಡಬೇಕು. ಸಾಕೆಟ್ ಬದಲು ಪೋರ್ಟ್ ಬಳಸುತ್ತಿದ್ದು, ರೆಡ್‌ಹ್ಯಾಟ್ ಕುಟುಂಬದಲ್ಲಿ 13 ಬಂದರೆ, ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಎಂಬ ಎಸ್‌ಇಲಿನಕ್ಸ್ ಸ್ವಿಚ್ ಆಫ್ ಆಗಿದೆ.

504ರಲ್ಲಿ ಸಂಪರ್ಕ ಸಿಕ್ಕಿದೆ, ಉತ್ತರ ಸಮಯಕ್ಕೆ ಬಂದಿಲ್ಲ. ಎಂಜಿನ್‌ಎಕ್ಸ್‌ನ ಪ್ರಾಕ್ಸಿ ಓದುವ ಗಡುವು ಮೂಲತಃ 60 ಸೆಕೆಂಡು. ಆ ಗಡುವನ್ನು 300 ಮಾಡಿದರೆ ದೋಷದ ಪುಟ ಹೋಗಬಹುದು, ಆದರೆ ಬಳಕೆದಾರ ಐದು ನಿಮಿಷ ಕಾಯುತ್ತಾನೆ ಮತ್ತು ಅಷ್ಟು ಹೊತ್ತು ಅಪ್ಲಿಕೇಶನ್ನಿನ ಒಂದು ವರ್ಕರ್ ಸಿಕ್ಕಿಬಿದ್ದಿರುತ್ತದೆ. ದೊಡ್ಡ ವರದಿಯನ್ನು ತಯಾರಿಸುವಂಥ, ನಿಜವಾಗಿಯೂ ಹೊತ್ತು ಬೇಡುವ ಕೆಲಸವಾದರೆ ಆ ಒಂದು ಲೊಕೇಶನ್ನಿಗಷ್ಟೇ ಗಡುವನ್ನು ಏರಿಸಬಹುದು. ಉಳಿದೆಡೆ ನಿಧಾನವಾದ ಡೇಟಾಬೇಸ್ ಕ್ವೆರಿಯನ್ನು ಹುಡುಕಬೇಕು. ಕಡತ ಏರಿಸುವಾಗ ಮಾತ್ರ 413 (ಕಳಿಸಿದ್ದು ಮಿತಿಗಿಂತ ದೊಡ್ಡದು) ಬಂದರೆ ಅದು ಇದಕ್ಕೆ ಸಂಬಂಧಿಸಿದ್ದಲ್ಲ: ಎಂಜಿನ್‌ಎಕ್ಸ್‌ನಲ್ಲಿ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ಹೇಳದಿದ್ದರೆ ಮಿತಿ 1 ಎಂಬಿ.

ಪುಟದ ಬದಲು ಪಿಎಚ್‌ಪಿ ಕಡತವೇ ಡೌನ್‌ಲೋಡ್ ಆಗುತ್ತಿದ್ದರೆ ಸೈಟನ್ನು ಕೂಡಲೇ ನಿಲ್ಲಿಸಿ. ಕಡತವನ್ನು ಎಫ್‌ಪಿಎಂಗೆ ದಾಟಿಸುವ ಲೊಕೇಶನ್ ಬ್ಲಾಕ್ ಇಲ್ಲ ಎಂದಷ್ಟೇ ಅದರ ಅರ್ಥ, ಆದರೆ ಆ ಕಡತಗಳಲ್ಲಿರುವ ಡೇಟಾಬೇಸ್ ಪಾಸ್‌ವರ್ಡ್ ಕೇಳಿದವರಿಗೆಲ್ಲ ಸಿಗುತ್ತಿರುತ್ತದೆ. ಸರಿಪಡಿಸಿದ ಮೇಲೆ ಆ ಪಾಸ್‌ವರ್ಡನ್ನೂ ಬದಲಿಸಬೇಕು.

ಪ್ರಮಾಣಪತ್ರ ಮತ್ತು ಮರುನಿರ್ದೇಶನ

ಬ್ರೌಸರಿನಲ್ಲಿ ಸೈಟು ಸರಿಯಾಗಿ ತೆರೆದು, ಮೊಬೈಲ್ ಆ್ಯಪ್ ಅಥವಾ ಕರ್ಲ್ ಮಾತ್ರ ತಕರಾರು ಮಾಡಿದರೆ, ಸೈಟಿನ ಪ್ರಮಾಣಪತ್ರವನ್ನು ನಂಬಿಕೆಯ ಮೂಲ ಸಂಸ್ಥೆಗೆ ಜೋಡಿಸುವ ನಡುವಿನ ಪ್ರಮಾಣಪತ್ರವನ್ನು ಸರ್ವರ್ ಕಳಿಸುತ್ತಿಲ್ಲ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಬ್ರೌಸರ್‌ಗಳು ಕಾಣೆಯಾದ ಕೊಂಡಿಯನ್ನು ಬೇರೆ ಕಡೆಯಿಂದ ತುಂಬಿಕೊಳ್ಳುವುದುಂಟು, ಇತರ ಪ್ರೋಗ್ರಾಂಗಳು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಓಡಿಸಿದಾಗ ಕೊನೆಯಲ್ಲಿ ವೆರಿಫೈ ಕೋಡ್ 21 ಎಂದು ಬಂದರೆ ಇದೇ ದೋಷ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ‘ಸರ್ಟ್.ಪೆಮ್’ ಬದಲು ‘ಫುಲ್‌ಚೈನ್.ಪೆಮ್’ ಕಡತವನ್ನು ಸೂಚಿಸಬೇಕು. ಪ್ರಮಾಣಪತ್ರ ನವೀಕರಣವಾಗಿಯೂ ಬ್ರೌಸರ್ ‘ಅವಧಿ ಮುಗಿದಿದೆ’ ಎಂದರೆ, ಡಿಸ್ಕಿನಲ್ಲಿ ಹೊಸದಿದೆ, ಸರ್ವರಿನ ಮೆಮೊರಿಯಲ್ಲಿ ಹಳೆಯದೇ ಇದೆ, ರೀಲೋಡ್ ಆಗಿಲ್ಲ. ಪ್ರಮಾಣಪತ್ರವನ್ನು ತಾನಾಗಿ ನವೀಕರಿಸುವ ಸರ್ಟ್‌ಬಾಟ್‌ಗೆ ನವೀಕರಣದ ನಂತರ ರೀಲೋಡ್ ಮಾಡುವ ಹುಕ್ ಸೇರಿಸಿದರೆ ಇದು ಮರುಕಳಿಸುವುದಿಲ್ಲ. ನವೀಕರಣವೇ ಸೋಲುತ್ತಿದ್ದರೆ 80ನೇ ಪೋರ್ಟನ್ನು ನೋಡಿ: ‘ಎಲ್ಲವೂ ಎಚ್‌ಟಿಟಿಪಿಎಸ್ ಆಯಿತಲ್ಲ’ ಎಂದು ಅದನ್ನು ಫೈರ್‌ವಾಲಿನಲ್ಲಿ ಮುಚ್ಚಿದವರಿಗೆ, ಸೈಟು ನಮ್ಮದೇ ಎಂದು ಖಚಿತಪಡಿಸಿಕೊಳ್ಳುವ ಎಚ್‌ಟಿಟಿಪಿ-01 ಪರಿಶೀಲನೆ ಆ ಪೋರ್ಟಿನಿಂದಲೇ ಶುರುವಾಗುತ್ತದೆ ಎಂಬುದು ಪ್ರಮಾಣಪತ್ರ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ.

ಪುಟ ತನ್ನನ್ನು ತಾನೇ ಸುತ್ತುತ್ತಿದ್ದರೆ, ಮುಂದಿನ ಪ್ರಾಕ್ಸಿ ಎಚ್‌ಟಿಟಿಪಿಎಸ್ ಅನ್ನು ಬಿಚ್ಚಿ ಹಿಂದಕ್ಕೆ ಬರಿಯ ಎಚ್‌ಟಿಟಿಪಿಯಲ್ಲಿ ಕಳಿಸುತ್ತಿದೆ, ಹಿಂದಿನದು ‘ಇದು ಸುರಕ್ಷಿತವಲ್ಲ’ ಎಂದು ಮತ್ತೆ ಎಚ್‌ಟಿಟಿಪಿಎಸ್ ಕಡೆಗೆ ಅಟ್ಟುತ್ತಿದೆ. ಪ್ರಾಕ್ಸಿ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಹೆಡರನ್ನು ಸೇರಿಸಬೇಕು, ಅಪ್ಲಿಕೇಶನ್ ಅದನ್ನು ನಂಬುವಂತೆ ಹೇಳಬೇಕು. ಮರುನಿರ್ದೇಶನವನ್ನು ಪರೀಕ್ಷಿಸುವವರೆಗೆ 302 (ತಾತ್ಕಾಲಿಕ ಮರುನಿರ್ದೇಶನ) ಬಳಸಿ, ಖಚಿತವಾದ ಮೇಲೆ 301 ಮಾಡಿ. ತಪ್ಪಾದ 301 ಬ್ರೌಸರ್‌ಗಳಲ್ಲಿ ಉಳಿದುಬಿಟ್ಟರೆ ಸರ್ವರನ್ನು ಸರಿಪಡಿಸಿದ ಮೇಲೂ ಅದನ್ನು ನಾವು ಅಳಿಸಲಾಗುವುದಿಲ್ಲ.

ಲಾಗೇ ಏನೂ ಹೇಳದಿದ್ದಾಗ

ಕೋರಿಕೆ ಕಳಿಸಿದರೂ ಎರರ್ ಲಾಗಿನಲ್ಲಿ ಸಾಲು ಮೂಡದಿದ್ದರೆ ಮೊದಲು ಬಂದ ಕೋರಿಕೆಗಳನ್ನು ದಾಖಲಿಸುವ ಆಕ್ಸೆಸ್ ಲಾಗ್ ನೋಡಿ. ಅದರಲ್ಲೂ ಇಲ್ಲದಿದ್ದರೆ ಕೋರಿಕೆ ಈ ಯಂತ್ರಕ್ಕೆ ಬಂದೇ ಇಲ್ಲ, ಅಥವಾ ಆ ಸೈಟಿನ ಬ್ಲಾಕಿನಲ್ಲಿ ಬೇರೆಯೇ ಲಾಗ್ ಕಡತವನ್ನು ಹೇಳಿದೆ. ಇವೆರಡೂ ಅಲ್ಲವೆಂದಾದರೆ ಡಿಸ್ಕ್ ತುಂಬಿರಬಹುದು. ಡಿಎಫ್ -ಎಚ್ ಜಾಗವನ್ನೂ ಡಿಎಫ್ -ಐ ಐನೋಡ್‌ಗಳನ್ನೂ (ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ದಾಖಲೆಗಳನ್ನು) ತೋರಿಸುತ್ತದೆ. ಜಾಗ ಸಾಕಷ್ಟಿದ್ದೂ, ಲಕ್ಷಗಟ್ಟಲೆ ಸಣ್ಣ ಸೆಶನ್ ಕಡತಗಳು ಐನೋಡ್‌ಗಳನ್ನು ತಿಂದುಹಾಕಿದ್ದರೆ ಹೊಸ ಕಡತ ಹುಟ್ಟುವುದಿಲ್ಲ.

ದೊಡ್ಡ ಲಾಗನ್ನು ಅಳಿಸಿಯೂ ಜಾಗ ಮರಳದಿದ್ದರೆ ಗಾಬರಿಯಾಗಬೇಕಿಲ್ಲ. ಸರ್ವರ್ ಆ ಕಡತವನ್ನು ಇನ್ನೂ ತೆರೆದು ಹಿಡಿದಿರುವುದರಿಂದ, ಹೆಸರು ಹೋದರೂ ಅದರ ಜಾಗ ಬಿಡುಗಡೆಯಾಗಿಲ್ಲ. ಎಲ್‌ಎಸ್‌ಒಎಫ್ +ಎಲ್1 (ಎಲ್ ದೊಡ್ಡಕ್ಷರ) ಅಂಥ ಕಡತಗಳನ್ನೂ ಅವನ್ನು ಹಿಡಿದಿರುವ ಪ್ರಕ್ರಿಯೆಯನ್ನೂ ಪಟ್ಟಿ ಮಾಡುತ್ತದೆ. ಎಂಜಿನ್‌ಎಕ್ಸ್ ಆಗಿದ್ದರೆ -ಎಸ್ ರೀಓಪನ್ ಎಂಬ ಸೂಚನೆ ಕೊಟ್ಟ ಕೂಡಲೇ ಅದು ಹಳೆಯ ಲಾಗನ್ನು ಬಿಟ್ಟು ಹೊಸದನ್ನು ತೆರೆಯುತ್ತದೆ, ಜಾಗ ಮರಳುತ್ತದೆ, ಮತ್ತು ಅಷ್ಟು ಹೊತ್ತು ಬರೆಯಲಾಗದೆ ಹೋಗುತ್ತಿದ್ದ ದೋಷದ ಸಾಲುಗಳು ಮುಂದಿನ ಕೋರಿಕೆಯಿಂದಲೇ ಕಾಣಿಸಿಕೊಳ್ಳತೊಡಗುತ್ತವೆ.